ಹಳೇ ಗಿಟಾರಿನ ಸ್ಕ್ರೂಗೂ ಬೆಲೆ ಬಂದದ್ದು ಹೇಗೆ?

1970ರ ಆಸುಪಾಸಿನಲ್ಲಿ, ಹತ್ತು ಹದಿನೈದು ವರ್ಷ ಬಳಸಿದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರು ಕೈಗೆ ಬಂದರೆ ಅನೇಕರು ಮೊದಲು ಅದರ ಟ್ಯೂನರ್, ಅಂದರೆ ತಂತಿ ಬಿಗಿಸುವ ತಿರುಗಣೆ, ಬದಲಾಯಿಸುತ್ತಿದ್ದರು. ಅದರಲ್ಲಿದ್ದ ಕ್ಲೂಸನ್ ಟ್ಯೂನರ್‌ಗಳ ಪ್ಲಾಸ್ಟಿಕ್ ಗುಂಡಿಗಳು ಕಾಲ ಕಳೆದಂತೆ ಕುಗ್ಗಿ ಪುಡಿಯಾಗುತ್ತಿದ್ದವು. ಗ್ರೋವರ್ ಟ್ಯೂನರ್ ಗಟ್ಟಿ, ಶ್ರುತಿ ಚೆನ್ನಾಗಿ ನಿಲ್ಲುತ್ತದೆ. ಅದನ್ನು ಕೂರಿಸಲು ಮರದಲ್ಲಿನ ತೂತನ್ನು ಸ್ವಲ್ಪ ದೊಡ್ಡದು ಮಾಡಬೇಕು, ಅಷ್ಟೇ ಅಲ್ವಾ? ಡ್ರಿಲ್ ಹಿಡಿದರು, ಹಳೆಯದನ್ನು ಬಿಸಾಕಿದರು. ಇವತ್ತು ಆ ದೊಡ್ಡ ತೂತು ಕಂಡರೆ ಸಾಕು, ಕೊಳ್ಳುವವರು ಬೆಲೆ ಇಳಿಸಿ ಕೇಳುತ್ತಾರೆ.

ಅವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ವಾದ್ಯ ಇರುವುದು ನುಡಿಸುವುದಕ್ಕೆ ಅನ್ನುವುದೇ ಹಳೆಯ ರೂಢಿ. 1737ರಲ್ಲಿ ತೀರಿಕೊಂಡ ಸ್ಟ್ರಾಡಿವರಿಯ ಪಿಟೀಲುಗಳನ್ನೇ ನೋಡಿ. ಸಭಾಂಗಣಗಳು ದೊಡ್ಡದಾಗಿ, ತಂತಿಯ ಬಿಗಿ ಹೆಚ್ಚಾದಾಗ ಹತ್ತೊಂಬತ್ತನೇ ಶತಮಾನದ ಕುಶಲಕರ್ಮಿಗಳು ಹೆಚ್ಚುಕಡಿಮೆ ಎಲ್ಲದರ ಕತ್ತನ್ನೂ ಬದಲಿಸಿದರು. ತುದಿಯ ಸುರುಳಿಯನ್ನು ಮಾತ್ರ ಕತ್ತರಿಸಿಟ್ಟುಕೊಂಡು ಹೊಸ ಕತ್ತಿಗೆ ಕಸಿ ಮಾಡಿದರು. ಒಳಗೆ ಆಸರೆಯಾಗಿ ಅಂಟಿಸಿದ ಮರದ ಪಟ್ಟಿ, ಬಾಸ್ ಬಾರ್ ಕೂಡ ಹೊಸದಾಯಿತು. ಆದರೂ ಆ ಪಿಟೀಲುಗಳ ಬೆಲೆಗೇನೂ ಕುಂದಿಲ್ಲ.

ಗಿಟಾರಿನ ಲೋಕದಲ್ಲಿ ಲೆಕ್ಕ ಬದಲಾದದ್ದು 1960ರ ದಶಕದಲ್ಲಿ. 1958ರಿಂದ 1960ರವರೆಗೆ ಬಂದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಸರಿಯಾಗಿ ಮಾರಾಟವಾಗದೆ ನಿಂತುಹೋಗಿತ್ತು. ಆಮೇಲೆ ಎರಿಕ್ ಕ್ಲಾಪ್ಟನ್, ಮೈಕ್ ಬ್ಲೂಮ್‌ಫೀಲ್ಡ್ ಅಂಥ ವಾದಕರ ಕೈಯಲ್ಲಿ ಅದರ ದನಿ ಕೇಳಿದವರು ಹಳೆಯದನ್ನೇ ಹುಡುಕತೊಡಗಿದರು. ಇತ್ತ 1965ರಲ್ಲಿ ಇನ್ನೊಂದು ಗಿಟಾರು ಕಂಪನಿ ಫೆಂಡರ್ ಅನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡಿತು. ಗುಣಮಟ್ಟ ಇಳಿಯಿತು ಎಂಬ ಮಾತು ಹಬ್ಬಿ, ‘ಪ್ರೀ-ಸಿಬಿಎಸ್’ (ಸಿಬಿಎಸ್‌ಗಿಂತ ಮೊದಲಿನದು) ಅನ್ನುವುದೇ ಒಂದು ದರ್ಜೆಯಾಯಿತು. ಹಳೇ ಗಿಟಾರುಗಳಿಗೇ ಮೀಸಲಾದ ಅಂಗಡಿಗಳು ಬಂದವು. ನ್ಯಾಶ್‌ವಿಲ್‌ನಲ್ಲಿ ಜಾರ್ಜ್ ಗ್ರೂನ್ 1970ರಲ್ಲಿ ಆರಂಭಿಸಿದ ಅಂಗಡಿ ಅಂಥದ್ದು. ವರ್ಷವೇ ಬೆಲೆ ಕಟ್ಟುವಾಗ, ಇದು ನಿಜವಾಗಿ ಆ ವರ್ಷದ್ದೇನಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬಣ್ಣ ಮತ್ತೆ ಹೊಡೆಸಿದ್ದರೆ ಬೆಲೆ ಅರ್ಧ ಅನ್ನುವ ಅಂದಾಜು ವ್ಯಾಪಾರದಲ್ಲಿ ಬೇರೂರಿತು.

ಇಲ್ಲಿಂದ ತಗಾದೆ ಶುರು. ಫ್ರೆಟ್, ಅಂದರೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಕಡ್ಡಿ, ಚಪ್ಪಲಿಯ ಅಟ್ಟೆ ಇದ್ದ ಹಾಗೆ, ಸವೆಯುವುದೇ ಅದರ ಕೆಲಸ. ಅದನ್ನು ಬದಲಿಸಲೇಬೇಕು, ಹಿಂಜರಿಯುವುದರಲ್ಲಿ ಅರ್ಥವಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಹೇಗೆ ಬದಲಿಸುತ್ತೀರಿ ಅನ್ನುವುದು ಮುಖ್ಯ. ಹಳೇ ಫೆಂಡರ್‌ಗಳಲ್ಲಿ ಫ್ರೆಟ್‌ಗಳನ್ನು ಮೇಲಿಂದ ಬಡಿಯದೆ ಪಕ್ಕದಿಂದ ತೂರಿಸಿದ್ದರು. ಇದು ಗೊತ್ತಿಲ್ಲದೆ ನೇರ ಮೇಲಕ್ಕೆ ಕಿತ್ತರೆ ಮರವೂ ಚಕ್ಕೆ ಚಕ್ಕೆಯಾಗಿ ಎದ್ದುಬರುತ್ತದೆ. ಸವೆದ ಲೋಹ ಬದಲಿಸಲು ಹೋಗಿ, ಯಾವತ್ತೂ ವಾಪಸು ಸಿಗದ ಮರ ಹಾಳಾಗುತ್ತದೆ.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ವಿಷಯ ಇನ್ನೂ ಜಟಿಲ. ಗಿಬ್ಸನ್‌ನ ಸೇತ್ ಲವರ್ ಎರಡು ಸುರುಳಿಗಳ ಹಂಬಕರ್ ಪಿಕಪ್‌ಗೆ 1955ರಲ್ಲಿ ಪೇಟೆಂಟ್ ಕೇಳಿದರು, ಸಿಕ್ಕಿದ್ದು 1959ರಲ್ಲಿ. ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಪುಟ್ಟ ಚೀಟಿ ಅಂಟಿಸಿದ ಆ ಪಿಕಪ್‌ಗಳಿಗೆ ಪಿಎಎಫ್ ಅನ್ನುವ ಹೆಸರೇ ಉಳಿಯಿತು. ಒಂದೊಂದು ಸುರುಳಿಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುಮಾರು 5000 ಸುತ್ತು. ಎಲ್ಲೋ ಒಂದು ಕಡೆ ತುಂಡಾದರೆ ಸದ್ದು ಬಂದ್. ತುಂಡಾದ ಜಾಗ ಹೊರತುದಿಯಲ್ಲಿದ್ದರೆ ಬೆಸುಗೆ ಹಾಕಬಹುದು. ಒಳಗಿದ್ದರೆ ಪೂರ್ತಿ ಬಿಚ್ಚಿ ಹೊಸ ತಂತಿ ಸುತ್ತಬೇಕು. ಆಗ ಅಯಸ್ಕಾಂತ ಹಳೆಯದು, ಬಾಬಿನ್ ಹಳೆಯದು, ತಂತಿ ಮಾತ್ರ ಹೊಸದು. ಇದು ರಿಪೇರಿಯೋ, ಬದಲಿಯೋ? ವ್ಯಾಪಾರಿಗಳು ಬೆಲೆ ತಗ್ಗಿಸುತ್ತಾರೆ, ನುಡಿಸುವವರು ದನಿ ಬಂತಲ್ಲ ಎಂದು ಖುಷಿಪಡುತ್ತಾರೆ. ನಾನಂತೂ ಎರಡನೆಯವರ ಪಕ್ಷ. ಇನ್ನು ಗಿಟಾರ್ ವಾದಕ ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್‌ನ ಅಯಸ್ಕಾಂತವೇ ತಿರುಗುಮುರುಗಾಗಿದೆ. ಎರಡೂ ಪಿಕಪ್ ಸೇರಿಸಿದರೆ ಬರುವ ಆ ಟೊಳ್ಳು ದನಿಗೆ ಅದೇ ಕಾರಣ. ಅದನ್ನು ಈಗ ‘ಸರಿಪಡಿಸುವ’ ಧೈರ್ಯ ಯಾರಿಗಿದೆ?

ಅಕೂಸ್ಟಿಕ್ ಗಿಟಾರಿನ ಕಥೆಯೇ ಬೇರೆ. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70ರಿಂದ 80 ಕಿಲೋ ಭಾರದಷ್ಟು ಎಳೆಯುತ್ತವೆ. ದಶಕಗಳಲ್ಲಿ ಕತ್ತಿನ ಕೋನ ಬಾಗಿ, ತಂತಿಗಳು ಬೆರಳಿಗೆ ಸಿಗದಷ್ಟು ಮೇಲೇರುತ್ತವೆ. ಸುಲಭದ ದಾರಿ, ತಂತಿಗಳ ಬುಡ ಕೂರುವ ಬ್ರಿಡ್ಜ್ ಅನ್ನೇ ಉಜ್ಜಿ ತೆಳುಮಾಡುವುದು. ಹಾಗೆ ಉಜ್ಜಿಸಿಕೊಂಡ ಮಾರ್ಟಿನ್ ಕಂಪನಿಯ ಗಿಟಾರುಗಳಿಗೆ ಲೆಕ್ಕವಿಲ್ಲ. ಸರಿಯಾದ ದಾರಿ, ಹಬೆ ಕೊಟ್ಟು ಕತ್ತನ್ನು ಬಿಚ್ಚಿ, ಕೋನ ತಿದ್ದಿ, ಮತ್ತೆ ಕೂರಿಸುವುದು. ಹಳೆಯವರು ಬಳಸಿದ ಚರ್ಮದ ಅಂಟು ಬಿಸಿ ಮತ್ತು ತೇವಕ್ಕೆ ಬಿಡುತ್ತದೆ, ಅದರಿಂದಲೇ ಈ ಕೆಲಸ ಸಾಧ್ಯ. ಎಪಾಕ್ಸಿ ಸುರಿದು ‘ಶಾಶ್ವತ’ ರಿಪೇರಿ ಮಾಡಿದವರು ಮುಂದಿನವರ ಕೈ ಕಟ್ಟಿಹಾಕಿದರು.

ಬ್ರಿಡ್ಜ್ ಕೆಳಗಿನ ಪಟ್ಟಿಯದ್ದೂ ಒಂದು ಪಾಠ. ಮಾರ್ಟಿನ್ ಕಂಪನಿ 1960ರ ದಶಕದ ಕೊನೆಯಲ್ಲಿ ಪುಟ್ಟ ಮೇಪಲ್ ಪಟ್ಟಿ ಬಿಟ್ಟು ದೊಡ್ಡ ರೋಸ್‌ವುಡ್ ಪಟ್ಟಿ ಹಾಕತೊಡಗಿತು, 1980ರ ದಶಕದ ಕೊನೆಗೆ ಮತ್ತೆ ಮೇಪಲ್‌ಗೆ ಮರಳಿತು. ಗಟ್ಟಿ ಆಗಲಿ ಎಂದು ಹಳೇ ಗಿಟಾರುಗಳಿಗೂ ದೊಡ್ಡ ಪಟ್ಟಿ ಹಾಕಿಸಿಕೊಂಡವರ ದನಿ ಮಂಕಾಯಿತು ಎಂದು ಅನೇಕ ರಿಪೇರಿಗಾರರು ಹೇಳುತ್ತಾರೆ. ಈಗ ತಂತಿ ಸಿಕ್ಕಿಸುವ, ಸವೆದ ತೂತುಗಳಿಗಷ್ಟೇ ಮೇಪಲ್ ಚೂರು ತುಂಬುತ್ತಾರೆ, ಪಟ್ಟಿ ಅಲ್ಲೇ ಉಳಿಯುತ್ತದೆ. ಹಳೇ ಗಿಟಾರುಗಳಿಗೆ ಬಳಸಿದ ಬ್ರೆಜಿಲಿಯನ್ ರೋಸ್‌ವುಡ್ 1992ರಲ್ಲಿ, ಅಳಿವಿನಂಚಿನ ಜೀವಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಅತಿ ಕಠಿಣ ಪಟ್ಟಿಗೆ ಸೇರಿದ ಮೇಲಂತೂ ಬಿರುಕು ಬಿಟ್ಟ ಹಲಗೆಯನ್ನು ಕಿತ್ತೆಸೆಯುವ ಮಾತೇ ಇಲ್ಲ.

ಹಾಗಂತ ಮೂಲ ಭಾಗ ಯಾವಾಗಲೂ ಒಳ್ಳೆಯದೇ? ಹಳೇ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್ ಅನ್ನು ಕೇಳಿ ನೋಡಿ. ಮೇಲ್ಭಾಗ ಉಬ್ಬಿದ ಹಳೇ ಆರ್ಚ್‌ಟಾಪ್ ಗಿಟಾರುಗಳಲ್ಲಿ, ಗೀರು ಬೀಳದಂತೆ ಹಾಕುವ ಪಿಕ್‌ಗಾರ್ಡ್ ಕೊಳೆಯಲು ಶುರುವಾದರೆ ಆಮ್ಲದ ಆವಿ ಬಿಡುತ್ತದೆ. ಪಕ್ಕದ ಲೋಹ ತುಕ್ಕು ಹಿಡಿಯುತ್ತದೆ, ಮೆರುಗೆಣ್ಣೆ ಹಾಳಾಗುತ್ತದೆ. ಅಂಥದ್ದನ್ನು ತೆಗೆದು, ಗಾಳಿಯಾಡುವ ಕಡೆ ಬೇರೆಯಾಗಿ ಇಟ್ಟು, ಹೊಸದು ಹಾಕುವುದೇ ಗಿಟಾರನ್ನು ಉಳಿಸುವ ದಾರಿ.

ತಮಾಷೆಯೆಂದರೆ, ಈ ನಿಯಮಗಳು ಪ್ರಸಿದ್ಧರ ಗಿಟಾರಿಗೆ ಅನ್ವಯಿಸುವುದಿಲ್ಲ. ಕ್ಲಾಪ್ಟನ್ ಅವರ ‘ಬ್ಲ್ಯಾಕಿ’ ಫೆಂಡರ್‌ನ ಹಲವು ಸ್ಟ್ರಾಟೊಕಾಸ್ಟರ್‌ಗಳ ಭಾಗ ಸೇರಿಸಿ ಕಟ್ಟಿದ್ದು. 2004ರ ಹರಾಜಿನಲ್ಲಿ ಅದು 9,59,500 ಡಾಲರ್‌ಗೆ ಹೋಯಿತು. ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕಾಸ್ಟರ್‌ನಲ್ಲಿ ಕತ್ತು, ಪಿಕಪ್, ಪಿಕ್‌ಗಾರ್ಡ್ ಎಲ್ಲ ಬದಲಾಗಿದ್ದವು. 2019ರಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 40 ಲಕ್ಷ ಡಾಲರ್.

ಹೆಸರಿಲ್ಲದವರ ಗಿಟಾರಿಗೆ ಮಾತ್ರ ಒಂದೊಂದು ಬೆಸುಗೆಯ ಲೆಕ್ಕ. ದನಿ ಏರಿಸಿ ಇಳಿಸುವ ಗುಂಡಿಯ ಕೆಳಗಿನ ಪೊಟೆನ್ಷಿಯೊಮೀಟರ್ ಮೇಲೆ ಒತ್ತಿದ ಸಂಖ್ಯೆಯಿಂದ ಆ ಭಾಗ ತಯಾರಾದ ವರ್ಷ, ವಾರ ಓದುತ್ತಾರೆ. ಪಿಎಎಫ್ ಚೀಟಿಯ ನಕಲಿಗಳೂ ಬಂದಿವೆ. ಬಿಡಿಭಾಗಗಳ ಬೆಲೆ ಎಷ್ಟು ಏರಿದೆಯೆಂದರೆ, ಸುಸ್ಥಿತಿಯ ಹಳೇ ಗಿಟಾರನ್ನೇ ಬಿಚ್ಚಿ ಪಿಕಪ್, ಟ್ಯೂನರ್, ಸ್ಕ್ರೂಗಳನ್ನು ಬೇರೆ ಬೇರೆ ಮಾರಿದರೆ ಜಾಸ್ತಿ ಹಣ. ಒಂದು ಗಿಟಾರು ‘ಪೂರ್ತಿ ಒರಿಜಿನಲ್’ ಆಗಲು ಇನ್ನೊಂದು ಚೆಲ್ಲಾಪಿಲ್ಲಿಯಾಗುತ್ತಿದೆ.