ರಾಜ್ಯ ಹೆದ್ದಾರಿ 9: ದಾರಿ, ಹೊಳೆ, ವಿದುರಾಶ್ವತ್ಥ

ದಾರಿ ಸುಲಭ. ಬೆಂಗಳೂರು, ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಗೌರಿಬಿದನೂರು, ಆಮೇಲೆ ಆಂಧ್ರದ ಗಡಿ. ಗಡಿ ದಾಟಿದರೆ ಹಿಂದೂಪುರ. ಗೌರಿಬಿದನೂರಿನಲ್ಲಿ ಮಧುಗಿರಿ–ಚಿಕ್ಕಬಳ್ಳಾಪುರದ ರಾಷ್ಟ್ರೀಯ ಹೆದ್ದಾರಿ ಅಡ್ಡ ಬರುತ್ತದೆ. ಹಳೆಯ ಪುಸ್ತಕದಲ್ಲಿ ಅದು 234, ಈಗ 69. ಎರಡೂ ಒಂದೇ ರಸ್ತೆ.

ನಾನು ಎಡವಿದ್ದು ಹೊಳೆಯ ದಿಕ್ಕಿನಲ್ಲಿ. ಉತ್ತರ ಪಿನಾಕಿನಿ ಬಂಗಾಳಕೊಲ್ಲಿ ಸೇರುತ್ತದೆ ಅಂತ ಓದಿದ್ದೆ. ಹಾಗಾದರೆ ಹುಟ್ಟುವ ನಂದಿ ಬೆಟ್ಟದಿಂದ ನೇರ ಪೂರ್ವಕ್ಕೇ ಹರಿಯಬೇಕು ಅಲ್ವಾ? ನಕ್ಷೆ ಬರೆದಾಗಲೆಲ್ಲ ಹೊಳೆ ಒಂದು ಕಡೆ, ಗೌರಿಬಿದನೂರು ಇನ್ನೊಂದು ಕಡೆ ಉಳಿಯುತ್ತಿತ್ತು. ಮೂರು ಸಲ ಅಳಿಸಿದೆ.

ಬಿಡಿಸಿಕೊಂಡಿದ್ದು ಬಸ್ಸಿನಲ್ಲಿ. ಬೆಳಗ್ಗೆ ಹಿಂದೂಪುರದ ಕಡೆ ಹೋಗುವಾಗ ಬಿಸಿಲು ಬಲಗಡೆ ಕಿಟಕಿಗೆ ಹೊಡೆಯುತ್ತದೆ. ಬಲಕ್ಕೆ ಪೂರ್ವ ಅಂದರೆ ಮುಂದಕ್ಕೆ ಉತ್ತರ. ಹೊಳೆಯೂ ಅದೇ ದಿಕ್ಕಿಗೆ ಹೋಗುತ್ತದೆ: ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು, ವಿದುರಾಶ್ವತ್ಥ ಮುಟ್ಟಿ, ಹಿಂದೂಪುರದ ಕಡೆಗೆ. ಪೂರ್ವಕ್ಕೆ ತಿರುಗುವುದು ಆಮೇಲೆ, ಆಂಧ್ರದೊಳಗೆ. ಕೊನೆಗೆ ನೆಲ್ಲೂರಿನ ಹತ್ತಿರ ಸಮುದ್ರ. ಹೊಸಕೋಟೆ ಕಡೆ ಇಳಿದು ತಮಿಳುನಾಡಿಗೆ ಹೋಗುವುದು ದಕ್ಷಿಣ ಪಿನಾಕಿನಿ. ಹೆಸರಿನಲ್ಲೇ ದಿಕ್ಕಿದೆ, ನಾನು ಗಮನಿಸಿರಲಿಲ್ಲ. ಈಗ 'ಹಿಂದೂಪುರದ ಬಸ್ಸು ಹತ್ತಿದರೆ ಹೊಳೆಯ ಜೊತೆ' ಅಂತ ನೆನಪಿಟ್ಟಿದ್ದೇನೆ. ಪರೀಕ್ಷೆಯಲ್ಲಿ ಇದೊಂದೇ ಸಾಕು.

ಗೌರಿಬಿದನೂರಿನಿಂದ ಸುಮಾರು 6 ಕಿ.ಮೀ. ಮುಂದೆ ವಿದುರಾಶ್ವತ್ಥ. ವಿದುರ ನೆಟ್ಟ ಅರಳಿಮರ ಅಂತ ಕಥೆ. ಸಾಲುಸಾಲು ನಾಗರಕಲ್ಲುಗಳು, ಅರಿಶಿನ ಕುಂಕುಮ ಒಣಗಿ ಹೆಡೆಗೆ ಅಂಟಿಕೊಂಡಿರುತ್ತದೆ. ಆಗ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಬಿಡುತ್ತಿರಲಿಲ್ಲ. 1938ರ ಏಪ್ರಿಲ್ 25ರಂದು ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬೇರೆ, ಜಾಸ್ತಿ ಕಾಣುವುದು 32. ಜಾತ್ರೆಗೆಂದು ಬರುವ ಜಾಗದಲ್ಲಿ ಹೆಣ ಬಿದ್ದವು ಅನ್ನುವುದನ್ನು ಸುಮ್ನೆ ಇಸವಿಯಾಗಿ ಓದಿಕೊಳ್ಳಲು ನನಗೆ ಆಗಲಿಲ್ಲ.

ಕ್ರಮ ತಪ್ಪಬೇಡಿ. ಮೊದಲು ಮದ್ದೂರಿನ ಹತ್ತಿರದ ಶಿವಪುರ ಧ್ವಜ ಸತ್ಯಾಗ್ರಹ, ಅದೇ ತಿಂಗಳ ಕೊನೆಗೆ ವಿದುರಾಶ್ವತ್ಥ, ಆಮೇಲೆ ಮೈಸೂರು ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್‌ನ ಸರ್ದಾರ್ ಪಟೇಲ್ ನಡುವಿನ ಮಿರ್ಜಾ–ಪಟೇಲ್ ಒಪ್ಪಂದ. ಸಂಸ್ಥಾನದ ಬಾವುಟದ ಪಕ್ಕದಲ್ಲೇ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿದ್ದು ಅದರಲ್ಲೇ.

ಜಿಲ್ಲೆ ಯಾವುದು ಅಂತ ಕೇಳಿದರೆ ಇಸವಿ ನೋಡಿ. ಗೋಲಿಬಾರ್ ಆದಾಗ ಕೋಲಾರ, 2007ರಿಂದ ಚಿಕ್ಕಬಳ್ಳಾಪುರ.