ಎಂಬಿಪಿಎಸ್ ಆಮೇಲೆ ನೋಡೋಣ, ಕರೆಂಟ್ ಹೋದ್ರೆ ಏನು ಕಥೆ?

ಹೊಸ ಬ್ರಾಡ್‌ಬ್ಯಾಂಡ್ ಹಾಕಿಸುವವರು ನನ್ನನ್ನು ಕೇಳುವುದು ಎರಡೇ. ‘ಎಷ್ಟು ಎಂಬಿಪಿಎಸ್ ಸ್ಪೀಡ್ ತಗೊಳ್ಳಲಿ? ಯಾರದ್ದು ರೇಟು ಕಮ್ಮಿ?’ ಕರೆಂಟ್ ಹೋದರೆ ಲೈನ್ ಇರುತ್ತಾ ಅಂತ ಕೇಳುವವರೇ ಇಲ್ಲ. ಮೇ ತಿಂಗಳಲ್ಲಿ ನಾಲ್ಕು ಮಳೆ ಬೀಳಲಿ, ಅದೇ ಜನ ಬೈಯೋಕೆ ಫೋನ್ ಮಾಡುತ್ತಾರೆ. ‘ಮನೇಲಿ ಯುಪಿಎಸ್ ಇದೆ, ರೂಟರ್ ದೀಪ ಉರೀತಿದೆ, ಆದ್ರೂ ನೆಟ್ ಇಲ್ವಲ್ರೀ!’

ನಿಮ್ಮ ಯುಪಿಎಸ್ ಕಾಯುವುದು ನಿಮ್ಮ ಮನೆಯ ಡಬ್ಬವನ್ನು ಮಾತ್ರ. ಆಪರೇಟರ್ ಆಫೀಸಿನಿಂದ ನಿಮ್ಮ ಮನೆವರೆಗಿನ ದಾರಿಯಲ್ಲಿ ಏನಿದೆ ಅನ್ನುವುದನ್ನು ನೋಡಬೇಕು. ಜಿಪಾನ್ (GPON), ಅಂದರೆ ಆಫೀಸಿನಿಂದ ಮನೆವರೆಗೂ ಫೈಬರ್ರೇ ಬರುವ ಲೈನ್ ಆದರೆ, ಮಧ್ಯೆ ಸ್ಪ್ಲಿಟರ್ ಇರುತ್ತದೆ. ಒಂದು ಫೈಬರ್‌ನ ಬೆಳಕನ್ನು 32 ಅಥವಾ 64 ಮನೆಗೆ ಹಂಚುವ ಬರೀ ಗಾಜು ಅದು, ಕರೆಂಟೇ ಬೇಡ. ಇನ್ನೊಂದು ತರಹದಲ್ಲಿ ಫೈಬರ್ ನಿಮ್ಮ ಬೀದಿಗೆ ಬಂದು ನೆಟ್‌ವರ್ಕ್ ಸ್ವಿಚ್ ಅನ್ನುವ, ಲೈನನ್ನು ಹಲವು ಮನೆಗೆ ಹಂಚುವ ಡಬ್ಬ ಸೇರುತ್ತದೆ, ಅಲ್ಲಿಂದ ಮನೆಗೆ ತಾಮ್ರದ ತಂತಿಯ ಲ್ಯಾನ್ ಕೇಬಲ್. ಆ ಕೇಬಲ್‌ನ ಮಿತಿ 100 ಮೀಟರ್. ಅಂದಮೇಲೆ ಸ್ವಿಚ್ ಹತ್ತಿರದಲ್ಲೇ ಎಲ್ಲೋ ಇರಲೇಬೇಕು, ಯಾರದೋ ತಾರಸಿ ಮೇಲೆ ಅಥವಾ ಅಪಾರ್ಟ್‌ಮೆಂಟಿನ ಮೀಟರ್ ರೂಮಲ್ಲಿ. ಅದಕ್ಕೆ ಕರೆಂಟ್ ಬೇಕೇ ಬೇಕು.

ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಮೊಮ್ಮಗಳ ವಿಡಿಯೊ ಕಾಲ್ ಕಟ್ ಆಗುತ್ತೆ ಅಂತ 100ರಿಂದ 300 ಎಂಬಿಪಿಎಸ್‌ಗೆ ಏರಿಸಿದ್ದರು. ಒಮ್ಮೆ ಬೀದೀಲಿ ಕರೆಂಟ್ ಇದ್ದೂ ನೆಟ್ ಪೂರ್ತಿ ನಿಂತಿತು. ಹೋಗಿ ನೋಡಿದರೆ, ಸ್ವಿಚ್ಚಿನ ಡಬ್ಬ ಎರಡು ಮನೆ ಆಚೆಯ ತಾರಸಿ ಮೇಲಿದೆ. ಮಳೆಗೆ ಅಂತ ಸಿಮೆಂಟ್ ಚೀಲ ಹೊದಿಸಿ, ಆ ಮನೆಯ ಪ್ಲಗ್ಗಿಗೇ ಸಿಗಿಸಿದ್ದಾರೆ. ಮನೆಯವರು ಮೇನ್ ಆಫ್ ಮಾಡಿ ಜಾತ್ರೆಗೆ ಊರಿಗೆ ಹೋಗಿದ್ದರು! ಇಷ್ಟೆಲ್ಲ ವಿವರಿಸಿದ ಮೇಲೆ ಮೇಷ್ಟ್ರು, ‘ಹಾಗಾದ್ರೆ 500 ಹಾಕಿಸಿಬಿಡ್ಲಾ?’ ಅಂದರು. ಒಳ್ಳೆಯ ಮನುಷ್ಯ, ಕಾಫಿ ಕೊಡದೆ ಕಳಿಸುವವರಲ್ಲ. ನಾನು ಸುಮ್ನೆ ಕಾಫಿ ಕುಡಿದೆ.

ಮಾರೋಕೆ ಬಂದ ಹುಡುಗ ‘ಎಲ್ಲಾ ಫೈಬರ್ರೇ ಸರ್’ ಅನ್ನುತ್ತಾನೆ. ಪಾಪ, ಸುಳ್ಳಲ್ಲ, ಬೀದಿವರೆಗೆ ಫೈಬರ್ರೇ. ನೀವು ಬಿಡಬೇಡಿ. ಮನೆಯೊಳಗೆ ಬರುವುದು ಫೈಬರಾ, ಲ್ಯಾನ್ ಕೇಬಲ್ಲಾ? ದಾರಿಯಲ್ಲಿ ಸ್ವಿಚ್ ಇದ್ದರೆ ಅದಕ್ಕೆ ಬ್ಯಾಟರಿ ಇಟ್ಟಿದ್ದೀರಾ, ಎಷ್ಟು ಹೊತ್ತು ಬರುತ್ತೆ? ಹಾಗಂತ ಮನೆಗೆ ಫೈಬರ್ ಬಂದ ಮಾತ್ರಕ್ಕೆ ಅದು ಜಿಪಾನೇ ಅಂತ ನಾನು ಗ್ಯಾರಂಟಿ ಕೊಡಲಾರೆ. ಕೆಲವು ಕಡೆ ಬೀದಿಯ ಸ್ವಿಚ್ಚಿನಿಂದಲೇ ಫೈಬರ್ ಎಳೆದಿರುತ್ತಾರೆ. ಆಫೀಸಲ್ಲೇ ಬ್ಯಾಕಪ್ ಇಲ್ಲದಿದ್ದರೆ ಜಿಪಾನೂ ಮಲಗುತ್ತದೆ. ಅದಕ್ಕೇ ಅದೇ ಕಂಪನಿಯ ಲೈನ್ ಇರುವ ಅಕ್ಕಪಕ್ಕದವರನ್ನು ವಿಚಾರಿಸಿ. ಹೋದ ಸಲ ಕರೆಂಟ್ ಹೋದಾಗ ಅವರ ಯುಪಿಎಸ್ ನಡೀತಿದ್ದರೂ ನೆಟ್ ಹೋಯ್ತಾ, ಡಬ್ಬದಲ್ಲಿ ಕೆಂಪು ದೀಪ ಬಂತಾ? ಹುಡುಗನ ಮಾತಿಗಿಂತ ಅವರ ಉತ್ತರ ವಾಸಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಹೇಳಿದ ರೇಟಿನ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ‘ಅನ್‌ಲಿಮಿಟೆಡ್’ ಅಂದರೂ ಎಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ ಅಂತ ಕೇಳಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂತ ಆಸೆ ತೋರಿಸುತ್ತಾರೆ. ಮೊದಲು ತಿಂಗಳು ತಿಂಗಳು ಕಟ್ಟಿ, ಒಂದು ಮಳೆಗಾಲ ಕಳೆಯಲಿ.