ಕಾರ್ಡಿನಿಂದ ಕಂಪ್ಯೂಟರಿಗೆ: ಮೊದಲು ರೋಗಿ ಯಾರೆಂದು ಗೊತ್ತಾಗಲಿ

ಒಂದೇ ಹೆಸರಿನ ಇಬ್ಬರು ಅಜ್ಜಿಯರು ಒಂದೇ ದಿನ ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಇಬ್ಬರೂ ಬೀಳಗಿ ತಾಲೂಕಿನ ಒಂದೇ ಊರಿನವರು. ಒಬ್ಬರಿಗೆ ಶುಗರ್ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ರ‍್ಯಾಕಿನಿಂದ ಬಂದದ್ದು ತಪ್ಪು ಕಾರ್ಡು. ಅದನ್ನು ನೋಡಿ ನಾನು ಗುಳಿಗೆ ಬರೆಯಲು ಶುರುಮಾಡಿದ್ದೆ. "ಯಪ್ಪಾ, ನಾ ಎಂದೂ ಶುಗರ್ ಗುಳಿಗಿ ನುಂಗಿಲ್ಲ" ಎಂದು ಅಜ್ಜಿ ಹೇಳದಿದ್ದರೆ? ಶುಗರ್ ಇಲ್ಲದವರು ಗ್ಲಿಮೆಪಿರೈಡ್ ಎಂಬ ಶುಗರ್ ಗುಳಿಗೆ ನುಂಗಿದರೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಕಾರ್ಡು ಬಿಟ್ಟು ಕಂಪ್ಯೂಟರಿಗೆ ಹೋಗಬೇಕೆಂದು ಅವತ್ತೇ ತೀರ್ಮಾನ ಮಾಡಿದೆ.

ಆದರೆ ಕಂಪ್ಯೂಟರ್ ಬಂದ ಮಾತ್ರಕ್ಕೆ ಈ ತಪ್ಪು ನಿಲ್ಲುವುದಿಲ್ಲ. ಹೆಸರು ಹೊಡೆದರೆ ಅಲ್ಲೂ ಇಬ್ಬರೂ ಬರುತ್ತಾರೆ. ನಮ್ಮ ಕಡೆ ಒಂದೂರಲ್ಲೇ ನಾಲ್ಕು ಹನಮವ್ವ, ಐದು ಬಸಪ್ಪ. ವಯಸ್ಸು ಕೇಳಿದರೆ "ಅರವತ್ತರ ಮ್ಯಾಲ". ಮೊಬೈಲ್ ನಂಬರ್ ಮಗನದು, ಅದರಲ್ಲೇ ಸೊಸೆ, ಮೊಮ್ಮಕ್ಕಳು ಎಲ್ಲರೂ. ವಿಳಾಸ ಇನ್ನೂ ಕಷ್ಟ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರು ಒಮ್ಮೆ ನವನಗರದ ಸೆಕ್ಟರ್ ನಂಬರ್ ಹೇಳುತ್ತಾರೆ, ಇನ್ನೊಮ್ಮೆ ಮುಳುಗಿದ ಊರಿನ ಹೆಸರು. ಊರು ಮುಳುಗಿದರೂ ಅವರ ಪಾಲಿಗೆ ಅದೇ ಊರು, ಅಲ್ವಾ? ಇಂಗ್ಲಿಷಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಬದಲಾದರಂತೂ ಒಬ್ಬರೇ ಮೂವರಾಗುತ್ತಾರೆ.

ಅದಕ್ಕೇ ಈಗ ಪ್ರತಿಯೊಬ್ಬರಿಗೂ ನಮ್ಮದೇ ಒಂದು ನಂಬರ್ ಕೊಡುತ್ತೇವೆ. ಗಂಡನ ಅಥವಾ ತಂದೆಯ ಹೆಸರು, ಹಳೆಯ ಊರು, ಈಗಿನ ಮನೆ ಬರೆದುಕೊಳ್ಳುತ್ತೇವೆ. ಒಪ್ಪಿದರೆ ಫೋಟೋ ಕೂಡ. ಕೇಂದ್ರ ಸರ್ಕಾರ 2021ರಲ್ಲಿ ದೇಶದೆಲ್ಲೆಡೆ ಶುರುಮಾಡಿದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಯ ಆಭಾ ನಂಬರ್ ಇದ್ದರೆ ಅದನ್ನೂ ಸೇರಿಸಿ. ಇಲ್ಲದಿದ್ದರೆ ಒತ್ತಾಯ ಬೇಡ, ಅದು ಅವರ ಇಷ್ಟ.

ಹಳೆಯ ಕಾರ್ಡುಗಳನ್ನೆಲ್ಲ ಯಾರಿಗೋ ಕೊಟ್ಟು ಟೈಪ್ ಮಾಡಿಸಬೇಡಿ. ಒಂದು ಚುಕ್ಕೆ ಬಿಟ್ಟರೆ 0.5 ಹೋಗಿ 5 ಆಗುತ್ತದೆ. ರೋಗಿ ಮುಂದಿನ ಸಲ ಬಂದಾಗ, ಅವರನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರೇ ಐದು ವಿಷಯ ತುಂಬಲಿ. ಯಾವ ಔಷಧ ಆಗಿಬರುವುದಿಲ್ಲ, ಯಾವ ಕಾಯಿಲೆ ಇದೆ, ಈಗ ಏನು ನುಂಗುತ್ತಿದ್ದಾರೆ, ಯಾವ ಆಪರೇಷನ್ ಆಗಿದೆ, ಕಳೆದ ರಿಪೋರ್ಟಿನಲ್ಲಿ ಏನಿತ್ತು. ಉಳಿದದ್ದಕ್ಕೆ ಕಾರ್ಡಿನ ಫೋಟೋ ಸಾಕು. ಅಡ್ಮಿಟ್ ಆದವರ ದಾಖಲೆ ಮಾತ್ರ ಬೇರೆ ಮಾತು. ವೈದ್ಯರ ನಡತೆಯ 2002ರ ನಿಯಮದ ಪ್ರಕಾರ ಅದನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಬ್ಯಾಕಪ್ ಇದೆ ಎಂದು ಸುಮ್ನೆ ಇರಬೇಡಿ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕರೆಂಟ್ ಹೋದಾಗ ಬರೆಯಲು ಖಾಲಿ ಫಾರಂ ಇರಲಿ, ಅದು ಅದೇ ದಿನ ಕಂಪ್ಯೂಟರಿಗೆ ಏರಲಿ.

ಶುರುವಿನ ವಾರಗಳಲ್ಲಿ ಒಬ್ಬರು, "ಸಾಹೇಬ್ರ, ನನ್ನ ಮಾರಿ ನೋಡವಲ್ರಿ" ಎಂದು ಬೇಸರಪಟ್ಟರು. ಅವರು ಹೇಳಿದ್ದು ನಿಜವಾಗಿತ್ತು. ಈಗ ಮೊದಲು ಮಾತು, ಪರೀಕ್ಷೆ, ಆಮೇಲೆ ಟೈಪಿಂಗ್. ಪರದೆಯನ್ನು ಅವರ ಕಡೆಗೂ ತಿರುಗಿಸಿದ್ದೇನೆ. ಗುಳಿಗೆಗಳ ಪಟ್ಟಿಯನ್ನು ಜೋರಾಗಿ ಓದಿ ಹೇಳುತ್ತೇನೆ. ಮೊನ್ನೆ ಹಾಗೆ ಓದುವಾಗ ಗುಳೇದಗುಡ್ಡದ ನೇಕಾರರೊಬ್ಬರು ತಡೆದರು: "ಅದನ್ನ ಬಿಟ್ಟು ಎರಡು ತಿಂಗಳಾತ್ರಿ." ಬಿ.ಪಿ. ಯಾಕೆ ಇಳಿಯುತ್ತಿಲ್ಲ ಎಂದು ಆಗ ಗೊತ್ತಾಯಿತು.